ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮೋಟಾರ್ ನಿಜಕ್ಕೂ ಸುಟ್ಟಿದೆಯಾ?

ಮಲೆನಾಡ ಮಳೆ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ಅಮ್ಮನ ಮನೆಯಲ್ಲಿ 7 ಕೆ.ಜಿ.ಯ ಸೆಮಿ ಆಟೊಮ್ಯಾಟಿಕ್ ಮೆಷಿನ್ ಇದೆ. ಆರು ವರ್ಷ ಹಳೆಯದು. ಹೋದ ವಾರದಿಂದ ಒಗೆಯುವ ಕಡೆ ತಿರುಗುತ್ತಿಲ್ಲ. ಟೈಮರ್ ತಿರುಗಿಸಿದರೆ ಗುಂಯ್ ಅಂತ ಸದ್ದು ಬರುತ್ತದೆ, ಅಷ್ಟೇ. ನೀರು ತುಂಬದೆ ಕೈಯಿಂದ ತಳದ ಚಕ್ರ ತಳ್ಳಿ ನೋಡಿದೆ. ಒಂದೊಂದು ಸಲ ತಿರುಗಲು ಶುರುಮಾಡುತ್ತದೆ, ಒಂದೊಂದು ಸಲ ತಳ್ಳಿದರೂ ನಿಂತುಬಿಡುತ್ತದೆ. ಡ್ರೈಯರ್ ಕಡೆ ಏನೂ ತೊಂದರೆ ಇಲ್ಲ.

ಒಬ್ಬರು ಮೆಕ್ಯಾನಿಕ್ ಬಂದಿದ್ದರು. ಸ್ವಿಚ್ ಹಾಕಿದರು, ಸದ್ದು ಕೇಳಿದರು, "ಮೋಟಾರ್ ಸುಟ್ಟಿದೆ, 2,800 ಆಗುತ್ತೆ" ಅಂದರು. ಹಿಂದಿನ ಮುಚ್ಚಳ ಬಿಚ್ಚಲೇ ಇಲ್ಲ. ದುಡ್ಡು ಕೊಡಲು ಬೇಜಾರಿಲ್ಲ, ಸುಟ್ಟಿದ್ದು ನಿಜವಾ ಅಂತ ಗೊತ್ತಾಗಬೇಕು. ಇಲ್ಲಿ ಮಳೆ ಬಿಟ್ಟಿಲ್ಲ. ಅಮ್ಮ ಹೊದಿಕೆಗಳನ್ನೆಲ್ಲ ಕೈಯಲ್ಲೇ ಒಗೆಯುತ್ತಿದ್ದಾರೆ, ಅವರಿಗೆ ಮಂಡಿ ನೋವು ಬೇರೆ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲೂ ಬರುತ್ತದೆ. ಯಾವುದನ್ನು ಮೊದಲು ನೋಡಬೇಕು ಹೇಳಿ.

ರೀವೈಂಡಿಂಗ್ ದಾವಣಗೆರೆ

ಅಕ್ಕ, ಮೊದಲು ಒಂದು ಮಾತು. ಪ್ಲಗ್ ಹಾಕಿರುವಾಗ ಟಬ್ಬಿಗೆ ಕೈ ಹಾಕಬೇಡಿ. ತಳ್ಳಿ ನೋಡಲೇಬೇಕು ಅಂದರೆ ಟಬ್ ಪೂರ್ತಿ ಒಣಗಿರಲಿ, ಒಣ ಮರದ ಕೋಲು ಬಳಸಿ, ಕಾಲಲ್ಲಿ ಚಪ್ಪಲಿ ಇರಲಿ. ಐದು ಸೆಕೆಂಡಿಗಿಂತ ಜಾಸ್ತಿ ಗುಂಯ್ ಅನ್ನಲು ಬಿಡಬೇಡಿ. ನಿಂತ ಮೋಟಾರ್ ಓಡುವ ಮೋಟಾರಿಗಿಂತ ತುಂಬಾ ಜಾಸ್ತಿ ಕರೆಂಟ್ ಎಳೆಯುತ್ತದೆ. ಚೆನ್ನಾಗಿದ್ದ ವೈಂಡಿಂಗ್, ಅಂದರೆ ಮೋಟಾರಿನ ಒಳಗೆ ಸುತ್ತಿದ ತಂತಿ, ಸುಡುವುದೇ ಹೀಗೆ.

ಮೋಟಾರ್ ಕಟ್ಟುವ ಕೆಲಸಕ್ಕೆ ಕೂತು ನನಗೆ 22 ವರ್ಷ ಆಯಿತು. ಸುಟ್ಟ ಮೋಟಾರನ್ನು ಮೂಗೇ ಹೇಳುತ್ತದೆ. ಮೆಷಿನ್ ಹಿಂದಿನ ಮುಚ್ಚಳ ತೆಗೆದು ಬಗ್ಗಿ ಮೂಸಿ ನೋಡಿ. ವಾರ್ನಿಶ್ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹೊಡೆದರೆ ಮರೆಯುವುದಿಲ್ಲ, ತಿಂಗಳಾದರೂ ಹೋಗುವುದಿಲ್ಲ. ತಂತಿ ಕಪ್ಪಾಗಿರುತ್ತದೆ, ಕಟ್ಟಿದ ದಾರ ಮುಟ್ಟಿದರೆ ಉದುರುತ್ತದೆ. ವಾಸನೆಯೂ ಇಲ್ಲ, ಬಣ್ಣವೂ ಕೆಟ್ಟಿಲ್ಲ ಅಂದರೆ ಸುಟ್ಟಿದೆ ಅಂತ ಬಾಯಲ್ಲಿ ಹೇಳಲು ನಾನಂತೂ ಒಪ್ಪಲ್ಲ.

ಆಮೇಲೆ ಪ್ಲಗ್ ಕಿತ್ತು ಬೆಲ್ಟ್ ತೆಗೆಯಿರಿ. ಮೋಟಾರಿನ ಪುಲ್ಲಿಯನ್ನು (ಬೆಲ್ಟ್ ಕೂರುವ ಗಾಲಿ) ಬೆರಳಲ್ಲಿ ತಿರುಗಿಸಿ. ಹಗುರವಾಗಿ, ಒಂದೇ ಸಮ ತಿರುಗಬೇಕು. ಗರಗರ ಅಂದರೆ ಬೇರಿಂಗ್ ಅಥವಾ ಬುಷ್ ಹೋಗಿದೆ. ತಳದ ಚಕ್ರವನ್ನೂ ಬೇರೆಯಾಗಿ ತಿರುಗಿಸಿ ನೋಡಿ. ಮಗುವಿನ ಕಾಲುಚೀಲ, ನಾಣ್ಯ, ಸೇಫ್ಟಿ ಪಿನ್ ಎಲ್ಲ ಆ ಚಕ್ರದ ಅಡಿ ಸೇರಿಕೊಂಡು ಹಿಡಿದಿರುತ್ತವೆ. ನಡುವಿನ ಸ್ಕ್ರೂ ಬಿಚ್ಚಿದರೆ ಚಕ್ರ ಮೇಲೆ ಬರುತ್ತದೆ.

ಎರಡೂ ಹಗುರವಾಗಿದ್ದರೆ ಕಂಡೆನ್ಸರ್ ನೋಡಿ, ಮೋಟಾರ್ ತಿರುಗಲು ಶುರುಮಾಡುವುದು ಅದರ ಸಹಾಯದಿಂದ. ಗುಂಯ್ ಅನ್ನುತ್ತದೆ, ತಿರುಗಲ್ಲ ಅಂದರೆ ಹತ್ತರಲ್ಲಿ ಆರೇಳು ಸಲ ನನ್ನ ಅಂಗಡಿಯಲ್ಲಿ ಅದೇ ಸಿಗುತ್ತದೆ.

ಗದ್ದೆ ಬದಿ

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ನಮ್ಮ ಮೆಷಿನ್ ಬೆಳಿಗ್ಗೆ ಸರಿಯಾಗಿ ಓಡುತ್ತಿತ್ತು, ಸಂಜೆ ಗುಂಯ್ ಅನ್ನುತ್ತಿತ್ತು. ಕಂಡೆನ್ಸರ್ ಬದಲಿಸಿದೆವು, ಬೆಲ್ಟ್ ಬದಲಿಸಿದೆವು. ಕೊನೆಗೆ ಪ್ಲಗ್ಗಿನ ತೂತಿನಲ್ಲಿ ವೋಲ್ಟೇಜ್ ಅಳೆದರೆ ಸಂಜೆ ಏಳಕ್ಕೆ 170. ಅದನ್ನೂ ಒಂದು ಸಲ ನೋಡಿ.

ಓಮ್ ಮೀಟರ್

ಗದ್ದೆ ಬದಿಯವರ ಮಾತು ಮುಖ್ಯ. ಈ ಮೋಟಾರುಗಳ ಬಲ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕ ಹಾಗೆ ಇಳಿಯುತ್ತದೆ. 230 ಇರುವ ಕಡೆ 170 ಬಂದರೆ ವೋಲ್ಟೇಜ್ ಕಾಲು ಭಾಗ ಕಡಿಮೆಯಾಯಿತು ಅಷ್ಟೇ ಅನ್ನಿಸುತ್ತದೆ. ಆದರೆ ಬಲ ಸುಮಾರು ನೂರಕ್ಕೆ 55ರಷ್ಟೇ ಉಳಿಯುತ್ತದೆ. ತುಂಬಿದ ಟಬ್ಬನ್ನು ಅದು ಹೇಗೆ ಎಳೆದೀತು? ಅಳೆಯುವಾಗ ಮೆಷಿನ್ ಆನ್ ಇರಲಿ, ಲೋಡ್ ಇಲ್ಲದೆ ಅಳೆದರೆ ಲೂಸ್ ಜಾಯಿಂಟ್ ಗೊತ್ತಾಗುವುದಿಲ್ಲ.

ಮಲೆನಾಡ ಮಳೆ

ಎಲ್ಲರಿಗೂ ಥ್ಯಾಂಕ್ಸ್. ಒಂದೊಂದಾಗಿ ಹೇಳುತ್ತೇನೆ. ವೋಲ್ಟೇಜ್ 224, ಮೆಷಿನ್ ಹಾಕಿದಾಗ 221. ಸುಟ್ಟ ವಾಸನೆ ಇಲ್ಲ, ಹಳೆ ನೀರಿನ ಮುಗ್ಗಲು ವಾಸನೆ ಅಷ್ಟೇ. ಬೆಲ್ಟ್ ತೆಗೆದರೆ ಪುಲ್ಲಿ ಹಗುರವಾಗಿ ತಿರುಗುತ್ತದೆ. ಚಕ್ರದ ಅಡಿ ಒಂದು ಹೇರ್‌ಪಿನ್, ಒಂದು ಹಿಡಿ ದಾರದ ಜುಂಗು ಸಿಕ್ಕಿತು. ತೆಗೆದೆ, ಚಕ್ರವೂ ಹಗುರವಾಗಿದೆ.

ಕಂಡೆನ್ಸರ್ ಮೇಲೆ 10 + 5 ಮೈಕ್ರೋಫ್ಯಾರಡ್ (ಒಗೆಯುವ ಕಡೆಗೆ 10, ಡ್ರೈಯರಿಗೆ 5), 440 ವೋಲ್ಟ್ ಅಂತ ಇದೆ. ನಿನ್ನೆ ಅಂಗಡಿಯಿಂದ ಅದೇ ಅಳತೆಯದು ತಂದು ಹಾಕಿದೆ. ಏನೂ ಬದಲಾಗಲಿಲ್ಲ. ಅದೇ ಗುಂಯ್. ಈಗ ನಿಜವಾಗಲೂ ಮೋಟಾರ್ ಹೋಗಿದೆ ಅನ್ನಿಸುತ್ತಿದೆ.

ಕೆಂಗೇರಿ ಅಪಾರ್ಟ್‌ಮೆಂಟ್

ಕಂಡೆನ್ಸರ್ ಬದಲಿಸಿದರೂ ಆಗಲಿಲ್ಲ ಅಂದರೆ ಮೋಟಾರೇ. ಆರು ವರ್ಷ ದುಡಿದಿದೆ. ಹೊಸ ಮೋಟಾರ್ ಹಾಕಿಸಿ, ಅಮ್ಮನಿಗೆ ಸುಮ್ನೆ ಯಾಕೆ ತೊಂದರೆ?

ಓಮ್ ಮೀಟರ್

ದಯವಿಟ್ಟು ಒಂದು ದಿನ ತಡೆಯಿರಿ. ನಾನು ಹುಬ್ಬಳ್ಳಿಯಲ್ಲಿ ಐಟಿಐ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಈ ಜಾಗದಲ್ಲೇ ಒಳ್ಳೆ ಮೋಟಾರುಗಳು ಗುಜರಿ ಸೇರುವುದನ್ನು ನೋಡಿ ನೋಡಿ ಬೇಸರವಾಗಿದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದಿ.

ನಿಮ್ಮ ಮೆಷಿನ್ನಿನಲ್ಲಿ ಎರಡು ಬೇರೆ ಬೇರೆ ಮೋಟಾರ್ ಇವೆ. ಒಗೆಯುವ ಮೋಟಾರ್ ಎರಡೂ ಕಡೆಗೆ ತಿರುಗಬೇಕು, ಹಿಂಡುವುದು ಒಂದೇ ಕಡೆಗೆ. ಆದ್ದರಿಂದ ಒಗೆಯುವ ಮೋಟಾರಿನಲ್ಲಿ ಎರಡು ವೈಂಡಿಂಗ್ ಇರುತ್ತವೆ, ಎರಡೂ ಅವಳಿ ಮಕ್ಕಳ ಹಾಗೆ ಒಂದೇ ಸಮ. ಮೂರು ತಂತಿ ಹೊರಗೆ ಬರುತ್ತವೆ. ಒಂದು ಎರಡಕ್ಕೂ ಕಾಮನ್. ಉಳಿದ ಎರಡರ ನಡುವೆ ಕಂಡೆನ್ಸರ್ ಕೂತಿರುತ್ತದೆ. ಟೈಮರ್ ಒಂದು ಸರದಿಯಲ್ಲಿ ಮೊದಲನೇ ವೈಂಡಿಂಗಿಗೆ ನೇರ ಕರೆಂಟ್ ಕೊಡುತ್ತದೆ, ಎರಡನೆಯದಕ್ಕೆ ಕಂಡೆನ್ಸರ್ ಮೂಲಕ ಹೋಗುತ್ತದೆ. ಮುಂದಿನ ಸರದಿಯಲ್ಲಿ ಅದಲು ಬದಲು. ಅದಕ್ಕೇ ಚಕ್ರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ.

ಇದು ಮನಸ್ಸಿನಲ್ಲಿದ್ದರೆ ಮುಚ್ಚಳ ಬಿಚ್ಚುವ ಮೊದಲೇ ಕಿವಿಯಿಂದ ಅರ್ಧ ಕೆಲಸ ಆಗುತ್ತದೆ. ಒಂದು ಕಡೆ ಚೆನ್ನಾಗಿ ತಿರುಗಿ, ಇನ್ನೊಂದು ಸರದಿಯಲ್ಲಿ ಸದ್ದೇ ಇಲ್ಲದೆ ಸುಮ್ಮನಿದ್ದರೆ ಟೈಮರಿನ ಒಂದು ಕಾಂಟ್ಯಾಕ್ಟ್ ಹೋಗಿದೆ. ಮೋಟಾರ್ ಮುಟ್ಟಬೇಡಿ. ಎರಡೂ ಸರದಿಯಲ್ಲಿ ಒಂದೇ ಗಟ್ಟಿಯ ಗುಂಯ್, ತಳ್ಳಿದರೆ ಎರಡೂ ಸರದಿಯಲ್ಲಿ ಓಡುತ್ತದೆ ಅಂದರೆ ಕಂಡೆನ್ಸರ್. ಒಂದು ಸರದಿಯಲ್ಲಿ ದೊಡ್ಡ ಗುಂಯ್, ಇನ್ನೊಂದರಲ್ಲಿ ಸಣ್ಣ ಗುಂಯ್, ತಳ್ಳಿದರೆ ಒಂದರಲ್ಲಿ ಓಡಿ ಇನ್ನೊಂದರಲ್ಲಿ ಸೋಲುತ್ತದೆ ಅಂದರೆ ಎರಡು ವೈಂಡಿಂಗಿನಲ್ಲಿ ಒಂದರ ದಾರಿ ಎಲ್ಲೋ ಕಡಿದಿದೆ. ಮಲೆನಾಡ ಮಳೆಯವರೇ, ನಿಮ್ಮ ಮೊದಲ ಬರಹ ಮತ್ತೆ ಓದಿ. "ಒಂದೊಂದು ಸಲ ತಿರುಗುತ್ತದೆ, ಒಂದೊಂದು ಸಲ ನಿಂತುಬಿಡುತ್ತದೆ" ಅಂತ ನೀವೇ ಬರೆದಿದ್ದೀರಿ. ಅಲ್ಲೇ ಸುಳಿವು ಇತ್ತು, ನಾವೂ ಗಮನ ಕೊಡಲಿಲ್ಲ.

ಈಗ ಮೀಟರ್ ತೆಗೆದುಕೊಳ್ಳಿ. ಪ್ಲಗ್ ಕಿತ್ತು ಕೈಗೆ ಕಾಣುವ ಹಾಗೆ ಮೆಷಿನ್ ಮೇಲೆ ಇಟ್ಟುಕೊಳ್ಳಿ. ಯಾವ ತಂತಿ ಎಲ್ಲಿಗೆ ಅಂತ ಫೋನಿನಲ್ಲಿ ಫೋಟೊ ತೆಗೆಯಿರಿ. ಕಂಡೆನ್ಸರಿನಲ್ಲಿ ಕರೆಂಟ್ ಉಳಿದಿರುತ್ತದೆ, ಹೋಲ್ಡರಿನಲ್ಲಿ ಹಾಕಿದ ಹಳೆ ಫಿಲಮೆಂಟ್ ಬಲ್ಬಿನ ಎರಡು ತಂತಿ ಅದರ ತುದಿಗಳಿಗೆ ಮುಟ್ಟಿಸಿ ಖಾಲಿ ಮಾಡಿ. ಸ್ಕ್ರೂಡ್ರೈವರಿನಿಂದ ಚಟ್ ಅನ್ನಿಸಬೇಡಿ, ಕಂಡೆನ್ಸರಿಗೂ ಕಣ್ಣಿಗೂ ಒಳ್ಳೆಯದಲ್ಲ. ಆಮೇಲೆ ಮೋಟಾರಿನ ಮೂರು ತಂತಿಗಳನ್ನು ಬಿಡಿಸಿ, ಎರಡೆರಡರ ನಡುವೆ ಓಮ್ ಅಳೆಯಿರಿ. ಮೂರು ಅಳತೆ ಬರುತ್ತದೆ. ಬಣ್ಣ ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಒಳ್ಳೆ ಮೋಟಾರಿನಲ್ಲಿ ಎರಡು ಅಳತೆ ಸಮ ಇರುತ್ತವೆ, ಮೂರನೆಯದು ಅವೆರಡರ ಮೊತ್ತ. ಜಾಸ್ತಿ ಬಂದ ಜೋಡಿಯಲ್ಲಿ ಇಲ್ಲದ ತಂತಿಯೇ ಕಾಮನ್.

ಹಳೆ ಕಂಡೆನ್ಸರ್ ಎಸೆದಿಲ್ಲ ತಾನೆ? ಮೀಟರಿನಲ್ಲಿ ಆ ಅಳತೆ ಇದ್ದರೆ ಅದನ್ನೂ ನೋಡಿ.

ಮಲೆನಾಡ ಮಳೆ

ಮೂರು ಸಲ ಅಳೆದೆ, ತಪ್ಪಾಗಬಾರದು ಅಂತ. ಕಂಡೆನ್ಸರ್ ಹತ್ತಿರ ಬಿಡಿಸಿದ ತುದಿಗಳಲ್ಲಿ ಹೀಗೆ ಬಂತು. ಹಳದಿ ಮತ್ತು ಕೆಂಪಿನ ನಡುವೆ 34 ಓಮ್. ಹಳದಿ ಮತ್ತು ನೀಲಿಯ ನಡುವೆ ಓಎಲ್. ಕೆಂಪು ಮತ್ತು ನೀಲಿಯ ನಡುವೆಯೂ ಓಎಲ್.

ಹಳೆ ಕಂಡೆನ್ಸರಿನ 10ರ ಕಡೆ 9.6 ತೋರಿಸಿತು. ಅಂದರೆ ಅದು ಚೆನ್ನಾಗಿಯೇ ಇತ್ತು ಅಲ್ವಾ?

ಕೆಂಗೇರಿ ಅಪಾರ್ಟ್‌ಮೆಂಟ್

ಓಎಲ್ ಅಂದರೆ ಕಡಿದಿದೆ ಅಂತ ಅರ್ಥ. ಒಂದು ವೈಂಡಿಂಗ್ ಹೋಗಿದೆ. ನಾನು ಹೇಳಿದ್ದೇ ಆಯಿತು.

ಓಮ್ ಮೀಟರ್

ಹೌದು, ಕಂಡೆನ್ಸರ್ ಚೆನ್ನಾಗಿತ್ತು. 10 ಅಂತ ಬರೆದಿರುವುದು 9ಕ್ಕಿಂತ ಕೆಳಗೆ ಇಳಿದರೆ ನಾನು ಬದಲಿಸುತ್ತೇನೆ.

ಕೆಂಗೇರಿಯವರೇ, ದಾರಿ ಕಡಿದಿದೆ ಅನ್ನುವುದು ಖಂಡಿತ. ಎಲ್ಲಿ ಕಡಿದಿದೆ ಅನ್ನುವುದು ಇನ್ನೂ ಗೊತ್ತಿಲ್ಲ. ನೀಲಿ ತಂತಿ ಕಂಡೆನ್ಸರಿನಿಂದ ಕೆಳಗೆ ಮೋಟಾರಿನವರೆಗೆ ಎರಡು ಮೊಳ ಓಡುತ್ತದೆ, ನಡುವೆ ಒಂದು ಜಾಯಿಂಟ್ ಇರುತ್ತದೆ. ಮೀಟರಿಗೆ ತಂತಿ ಕಡಿದರೂ ಓಎಲ್, ವೈಂಡಿಂಗ್ ಕಡಿದರೂ ಓಎಲ್. ಮೋಟಾರಿನ ಹೊಟ್ಟೆಯಿಂದ ತಂತಿ ಹೊರಬರುವ ಜಾಗದಲ್ಲೇ ಅಳೆಯಬೇಕು. ಅಲ್ಲಿವರೆಗೆ ತೀರ್ಮಾನ ಬೇಡ.

ರೀವೈಂಡಿಂಗ್ ದಾವಣಗೆರೆ

ಮೇಷ್ಟ್ರು ಹೇಳಿದ್ದು ಸರಿ. ಅಕ್ಕ, ಮೆಷಿನ್ನಿನ ತಳ ತೆರೆದೇ ಇದೆಯಾ? ಇಲಿ ಬರುವ ಜಾಗವಾ? ತಂತಿಗೆ ಹಾಕಿರುವ ಕಪ್ಪು ತೋಳನ್ನು (ಕೊಳವೆಯಂಥ ಹೊದಿಕೆ) ಬೆರಳಲ್ಲಿ ಉದ್ದಕ್ಕೂ ಸವರುತ್ತಾ ಹೋಗಿ. ಎಲ್ಲಿ ಮೆತ್ತಗೆ, ಬಳುಕುವ ಹಾಗೆ ಸಿಗುತ್ತದೋ ಅಲ್ಲಿ ಬಿಚ್ಚಿ ನೋಡಿ. ಇಲಿ ಮೇಲೆ ಸ್ವಲ್ಪ ಕಚ್ಚಿರುತ್ತದೆ. ಆ ತೂತಿನಲ್ಲಿ ನೀರು ಸೇರಿ ಒಳಗಿನ ತಾಮ್ರ ಹಸಿರುಗಟ್ಟಿ ತಿಂಗಳುಗಟ್ಟಲೆ ಆಮೇಲೆ ಕಡಿಯುತ್ತದೆ. ಹೊರಗಿನಿಂದ ನೋಡಿದರೆ ತಂತಿ ಇಡಿಯಾಗಿಯೇ ಕಾಣುತ್ತದೆ.

ಹೊಸ ಸದಸ್ಯ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದೂ ಸೆಮಿ ಆಟೊಮ್ಯಾಟಿಕ್. ಒಗೆಯುವ ಕಡೆ ಸರಿ ಇದೆ, ಡ್ರೈಯರ್ ತಿರುಗಲ್ಲ. ಗುಂಯ್ ಕೂಡ ಇಲ್ಲ. ಇದೇ ರೀತಿ ನೋಡಬಹುದಾ?

ರೀವೈಂಡಿಂಗ್ ದಾವಣಗೆರೆ

ನೋಡಬಹುದು ತಮ್ಮ, ಆದರೆ ಡ್ರೈಯರ್ ಮೋಟಾರಿನ ಕಥೆ ಬೇರೆ. ಸದ್ದೇ ಇಲ್ಲ ಅಂದರೆ ಮೊದಲು ಮುಚ್ಚಳದ ಸ್ವಿಚ್ ನೋಡು. ಮುಚ್ಚಳ ಹಾಕಿದಾಗ ಆ ಪಟ್ಟಿ ಒಂದಕ್ಕೊಂದು ಮುಟ್ಟಬೇಕು. ತುಕ್ಕು ಹಿಡಿದು ಮುಟ್ಟದೆ ಹೋದರೆ ಮೋಟಾರಿಗೆ ಕರೆಂಟೇ ಹೋಗಲ್ಲ. ಆಮೇಲೆ ಬ್ರೇಕ್. ಮುಚ್ಚಳ ಎತ್ತಿದಾಗ ಒಂದು ಕೇಬಲ್ ಬ್ರೇಕನ್ನು ಹಿಡಿಸುತ್ತದೆ, ಹಾಕಿದಾಗ ಬಿಡಿಸುತ್ತದೆ. ಕೇಬಲ್ ಸಡಿಲವಾದರೆ ಬ್ರೇಕ್ ಪೂರ್ತಿ ಬಿಡಲ್ಲ. ಆಗ ಗುಂಯ್ ಅನ್ನುತ್ತದೆ, ಇಲ್ಲ ನಿಧಾನ ತಿರುಗಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ.

ಓಮ್ ಅಳೆಯುವಾಗ ಇಲ್ಲಿ ಎರಡು ಅಳತೆ ಸಮ ಬರಬೇಕು ಅಂತಿಲ್ಲ. ಒಂದೇ ಕಡೆ ತಿರುಗುವ ಮೋಟಾರ್, ಓಡುವ ವೈಂಡಿಂಗ್ ಬೇರೆ, ಸ್ಟಾರ್ಟಿಂಗ್ ವೈಂಡಿಂಗ್ ಬೇರೆ. ಸಮ ಇಲ್ಲ ಅಂತ ಕೆಟ್ಟಿದೆ ಅಂದುಕೊಳ್ಳಬೇಡ. ಕೆಲವು ಮೋಟಾರಿನ ವೈಂಡಿಂಗ್ ಒಳಗೆ ಸಣ್ಣ ಥರ್ಮಲ್ ಫ್ಯೂಸ್ ಕಟ್ಟಿರುತ್ತಾರೆ. ಬಿಸಿ ಜಾಸ್ತಿಯಾದರೆ ಅದು ಹೋಗುತ್ತದೆ, ಮೋಟಾರ್ ಪೂರ್ತಿ ಸತ್ತ ಹಾಗೆ ಕಾಣುತ್ತದೆ. ಫ್ಯೂಸನ್ನು ತೆಗೆದು ಸುಮ್ನೆ ತಂತಿ ಸೇರಿಸಿ ಕೊಡುವವರೂ ಇದ್ದಾರೆ. ಅದು ತಪ್ಪು. ಅದೇ ಡಿಗ್ರಿಯ ಫ್ಯೂಸೇ ಹಾಕಬೇಕು, ಮನೆಗೆ ಬೆಂಕಿ ಬೀಳಬಾರದು ಅಂತಲೇ ಅದನ್ನು ಇಟ್ಟಿರುವುದು.

ಇನ್ನೊಂದು ವಿಷಯ. ಡ್ರೈಯರ್ ಮೋಟಾರ್ ನೇರ ಡ್ರಮ್ಮಿನ ಅಡಿಗೇ ಇರುತ್ತದೆ. ಮೇಲಿನ ರಬ್ಬರ್ ಸೀಲ್ ಹರಿದರೆ ಸೋಪು ನೀರು ಶಾಫ್ಟ್ ಹಿಡಿದು ಮೋಟಾರಿನ ತಲೆಗೇ ಇಳಿಯುತ್ತದೆ. ಬೇರಿಂಗ್ ತುಕ್ಕು, ಆಮೇಲೆ ವೈಂಡಿಂಗ್. ಮೋಟಾರ್ ಬದಲಿಸಿ ಸೀಲ್ ಹಾಗೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೋಟಾರಿನ ತಲೆ ಮೇಲೆ ಬಿಳಿ ಪುಡಿ ಕಟ್ಟಿದೆಯಾ ನೋಡು. ಇದ್ದರೆ ಸೀಲ್ ಸೋರುತ್ತಿದೆ ಅಂತ ಲೆಕ್ಕ.

ಹೊಸ ಸದಸ್ಯ

ಮುಚ್ಚಳದ ಸ್ವಿಚ್ಚೇ ಅಣ್ಣಾ. ಪಟ್ಟಿ ಹಸಿರುಗಟ್ಟಿತ್ತು. ಮರಳು ಕಾಗದದಲ್ಲಿ ಉಜ್ಜಿದೆ, ಓಡುತ್ತಿದೆ. ತುಂಬಾ ಥ್ಯಾಂಕ್ಸ್.

ಕೆಂಗೇರಿ ಅಪಾರ್ಟ್‌ಮೆಂಟ್

ನಮ್ಮದು ಫ್ರಂಟ್ ಲೋಡ್. ಅದಕ್ಕೂ ಈ ಮೂರು ಅಳತೆ ಲೆಕ್ಕ ನಡೆಯುತ್ತದಾ?

ಓಮ್ ಮೀಟರ್

ಮೋಟಾರ್ ಯಾವ ಜಾತಿ ಅನ್ನುವುದರ ಮೇಲೆ ಹೋಗುತ್ತದೆ. ಹಳೆಯ ಹಲವು ಫ್ರಂಟ್ ಲೋಡ್‌ಗಳಲ್ಲಿ ಕಾರ್ಬನ್ ಬ್ರಷ್ ಇರುವ ಮೋಟಾರ್ ಇರುತ್ತದೆ. ಅಲ್ಲಿ ಗುಂಯ್ ಬರುವುದಿಲ್ಲ. ಬ್ರಷ್ ಸವೆದರೆ ಮೊದಲು ಕಿಡಿ ಜಾಸ್ತಿ, ಬಲ ಕಡಿಮೆ, ಆಮೇಲೆ ಒಂದು ದಿನ ನಿಂತೇ ಹೋಗುತ್ತದೆ. ಎರಡು ಬ್ರಷ್ಷನ್ನೂ ಒಟ್ಟಿಗೆ ಬದಲಿಸಬೇಕು. ಡ್ರಮ್ ಹುಚ್ಚಾಬಟ್ಟೆ ವೇಗವಾಗಿ ತಿರುಗಿ ಎರರ್ ತೋರಿಸಿ ನಿಂತರೆ ಮೋಟಾರಿನ ಹಿಂದೆ ವೇಗ ಹೇಳುವ ಟ್ಯಾಕೊ ಇರುತ್ತದೆ, ಅದನ್ನು ನೋಡಿ. ಅದರ ಆಯಸ್ಕಾಂತ ಸಡಿಲವಾದರೂ ಹೀಗಾಗುತ್ತದೆ.

ಇನ್ವರ್ಟರ್ ಮೋಟಾರ್, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್ ಓಡಿಸುವ ಮೋಟಾರ್, ಆದರೆ ಮೂರು ತಂತಿ, ಮೂರು ಅಳತೆಯೂ ಸಮ ಬರಬೇಕು. ಸಮ ಬಂದು, ಮೋಟಾರ್ ಎಲ್ಲಿವರೆಗೆ ತಿರುಗಿದೆ ಅಂತ ಬೋರ್ಡಿಗೆ ಹೇಳುವ ಹಾಲ್ ಸೆನ್ಸರಿನ ಕನೆಕ್ಟರ್ ಗಟ್ಟಿಯಾಗಿದ್ದರೆ ಸಂಶಯ ಬೋರ್ಡಿನ ಮೇಲೆ. ಆ ಬೋರ್ಡನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕಂಡೆನ್ಸರಿನಲ್ಲಿ 300 ವೋಲ್ಟ್ ಹತ್ತಿರ ಸ್ವಲ್ಪ ಹೊತ್ತು ಉಳಿದಿರಬಹುದು.

ಮಲೆನಾಡ ಮಳೆ

ಸಿಕ್ಕಿತು!

ಮೆಷಿನ್ ಮಗುಚಿ ಮಲಗಿಸಿ, ಕಪ್ಪು ತೋಳು ಸವರುತ್ತಾ ಬಂದೆ. ಬೆಲ್ಟಿನ ಹಿಂದೆ, ಮೋಟಾರಿನಿಂದ ಒಂದು ಗೇಣು ಮೇಲೆ, ಮೆತ್ತಗೆ ಸಿಕ್ಕಿತು. ತೋಳು ಸೀಳಿದರೆ ನೀಲಿ ತಂತಿಯ ಮೇಲೆ ಎರಡು ಹಲ್ಲಿನ ಗುರುತು. ತಂತಿ ಎಳೆದ ಕೂಡಲೇ ಎರಡು ತುಂಡಾಯಿತು. ಒಳಗೆ ಹಸಿರು ಪುಡಿ ಬಿಟ್ಟರೆ ತಾಮ್ರವೇ ಇರಲಿಲ್ಲ. ಹಳದಿ ತಂತಿಗೂ ಸ್ವಲ್ಪ ಕಚ್ಚಿದೆ, ಅದು ಕಡಿದಿಲ್ಲ.

ಮೋಟಾರ್ ಕಡೆಯ ತುದಿಯಲ್ಲಿ ಅಳೆದೆ. 34, 35, 69. ಅಮ್ಮನನ್ನು ಕರೆದು ಮೀಟರ್ ತೋರಿಸಿದೆ. ಅವರಿಗೆ ಸಂಖ್ಯೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿ ಅರ್ಥವಾಯಿತು.

ಬೆಸುಗೆ ಹಾಕಿ ಸೇರಿಸಲಾ?

ರೀವೈಂಡಿಂಗ್ ದಾವಣಗೆರೆ

ಬಹಳ ಸಂತೋಷ ಅಕ್ಕ. ಇನ್ನೂ ಸ್ವಿಚ್ ಹಾಕಬೇಡಿ. ಹಸಿರುಗಟ್ಟಿದ ತಂತಿಗೆ ಬೆಸುಗೆ ಹಿಡಿಯಲ್ಲ. ಹೊಳೆಯುವ ತಾಮ್ರ ಬರುವವರೆಗೆ ಎರಡೂ ಕಡೆ ಕತ್ತರಿಸಿ, ಉದ್ದ ಸಾಲದಿದ್ದರೆ 1 ಚದರ ಮಿಲಿಮೀಟರಿನ ಒಳ್ಳೆ ತಾಮ್ರದ ತಂತಿ ತುಂಡು ಸೇರಿಸಿ. ಹೆಣೆದು, ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯುವ ತೋಳು ಎರಡು ಪದರ ಹಾಕಿ. ಬರೀ ಟೇಪ್ ಸುತ್ತಬೇಡಿ, ಸೋಪು ನೀರಿನ ಆವಿಗೆ ಟೇಪಿನ ಅಂಟು ಬಿಡುತ್ತದೆ. ಜಾಯಿಂಟ್ ಕೆಳಗೆ ಜೋತಾಡಬಾರದು, ಮೇಲೆ ಎತ್ತಿ ಕಟ್ಟಿ. ಹಳದಿಗೂ ಅದೇ ಚಿಕಿತ್ಸೆ ಮಾಡಿಬಿಡಿ.

ಆಮೇಲೆ ಅರ್ಥ್ ನೋಡಬೇಕು. ಮೂರು ತಂತಿಗೂ ಮೋಟಾರಿನ ಕಬ್ಬಿಣದ ಮೈಗೂ ನಡುವೆ ಮೀಟರಿನಲ್ಲಿ ಏನೂ ಬರಬಾರದು. ಮಲ್ಟಿಮೀಟರ್ ಒಂದೇ ಸಾಲದು, ಅದರ ಬ್ಯಾಟರಿಗೆ ಸಣ್ಣ ಸೋರಿಕೆ ಕಾಣಲ್ಲ. ನಿಮ್ಮ ಊರಿನ ಪಂಪ್‌ಸೆಟ್ ರೀವೈಂಡಿಂಗ್ ಅಂಗಡಿಯಲ್ಲಿ ಇಂಥ ಸೋರಿಕೆ ಅಳೆಯುವ 500 ವೋಲ್ಟಿನ ಮೆಗ್ಗರ್ ಇದ್ದೇ ಇರುತ್ತದೆ. ಒಂದು ಮೆಗಾಓಮಿಗಿಂತ ಜಾಸ್ತಿ ಬರಲೇಬೇಕು. ಒಣಗಿದ ಒಳ್ಳೆ ಮೋಟಾರಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ.

ಗದ್ದೆ ಬದಿ

ಪ್ಲಗ್ಗಿನ ಮೂರನೇ ಪಿನ್ ನಿಜವಾಗಲೂ ಭೂಮಿಗೆ ಹೋಗಿದೆಯಾ ಅಂತಲೂ ನೋಡಿಸಿ. ನಮ್ಮಲ್ಲಿ ಪ್ಲಗ್ಗಿಗೆ ಮೂರು ತೂತು ಇತ್ತು, ಹಿಂದೆ ತಂತಿ ಎರಡೇ ಇತ್ತು. ಬಚ್ಚಲಲ್ಲಿ ಇಡುವ ಸಾಮಾನು ಇದು.

ಓಮ್ ಮೀಟರ್

ಅದರ ಜೊತೆಗೆ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಸ್ವಿಚ್ ಇದೆ ಸಾಕು ಅಂತ ಜನ ಅಂದುಕೊಳ್ಳುತ್ತಾರೆ. ಎಂಸಿಬಿ ತಂತಿಯನ್ನು ಕಾಪಾಡುತ್ತದೆ. ಶಾಕ್ ಹೊಡೆದಾಗ ಮೈಯಲ್ಲಿ ಹರಿಯುವಷ್ಟು ಕರೆಂಟಿಗೆ ಅದು ಬೀಳುವುದೇ ಇಲ್ಲ.

ಮಲೆನಾಡ ಮಳೆ

ಇವತ್ತು ಮಧ್ಯಾಹ್ನ ಮೋಟಾರ್ ಬಿಚ್ಚಿ ಪೇಟೆಯ ಪಂಪ್‌ಸೆಟ್ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಮೆಗ್ಗರ್ ಹಿಡಿದರು, 50 ಮೆಗಾಓಮಿಗಿಂತ ಜಾಸ್ತಿ ಬಂತು. ಹಣ ತೆಗೆದುಕೊಳ್ಳಲಿಲ್ಲ. "ಹೊಸ ಮೋಟಾರ್ ಇದ್ದ ಹಾಗೇ ಇದೆ, ಯಾರು ಸುಟ್ಟಿದೆ ಅಂದಿದ್ದು?" ಅಂತ ಕೇಳಿದರು.

ಹಳೆ ಕಂಡೆನ್ಸರನ್ನೇ ವಾಪಸ್ ಹಾಕಿದೆ, ಹೊಸದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೆಲ್ಟ್ ಹಾಕಿ, ಮೊದಲು ಖಾಲಿ ಓಡಿಸಿದೆ. ಬಲಕ್ಕೆ, ನಿಂತು, ಎಡಕ್ಕೆ. ಆಮೇಲೆ ನೀರು ತುಂಬಿ ಅರ್ಧ ಗಂಟೆ. ಮುಗಿದ ಮೇಲೆ ಮೋಟಾರಿನ ಮೈ ಮುಟ್ಟಿದರೆ ಬಿಸಿ ಇತ್ತು, ಆದರೆ ಕೈ ಇಡಬಹುದಾದಷ್ಟೇ. ಇದು ಸರಿ ಅಲ್ವಾ?

ರೀವೈಂಡಿಂಗ್ ದಾವಣಗೆರೆ

ಪ್ಲಗ್ ಕಿತ್ತೇ ಮುಟ್ಟಿದ್ದು ತಾನೆ? ಸರಿ ಇದೆ ಅಕ್ಕ. ಅರ್ಧ ಗಂಟೆ ಓಡಿದ ಮೇಲೆ ಅಷ್ಟು ಬಿಸಿ ಸಹಜ. ತಳಕ್ಕೆ ಕಬ್ಬಿಣದ ಸಣ್ಣ ಕಣ್ಣಿನ ಜಾಲರಿ ಹಾಕಿ, ಪ್ಲಾಸ್ಟಿಕ್ ಹಾಕಿದರೆ ಇಲಿ ಅದನ್ನೂ ಕತ್ತರಿಸುತ್ತದೆ. ಗಾಳಿ ಆಡುವ ಹಾಗೆ ಇರಲಿ, ಪೂರ್ತಿ ಮುಚ್ಚಿಬಿಡಬೇಡಿ.

ಮಲೆನಾಡ ಮಳೆ

ಕಿತ್ತೇ ಮುಟ್ಟಿದ್ದು ಅಣ್ಣಾ. ಜಾಲರಿ ನಾಳೆ ತರುತ್ತೇನೆ. ಅಮ್ಮ ಹೊದಿಕೆ ಎರಡನೇ ಸುತ್ತು ಹಾಕಿದ್ದಾರೆ.